ಭಾವನವರ ಮೋಟಾರಿನ ಕೊಳವೆ

ಕೈಯಿಂದ ದುಡ್ಡು ಕೊಟ್ಟು ಒಳ್ಳೆಯ ಮೋಟಾರನ್ನು ಕೆಡಿಸಿಕೊಂಡವರು ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂರುಗಳ ನಡುವೆ ಒಬ್ಬರೇ ಒಬ್ಬರು. ಅವರು ನಮ್ಮ ಭಾವನವರು! ಅಂದರೆ ನನ್ನ ಯಜಮಾನರ ಅಣ್ಣ. ಹೆಸರು ಹೇಳಲಾರೆ, ಹೇಳುವ ಅಗತ್ಯವೂ ಇಲ್ಲ. "ಢಮಢಮ ಸಾವಕಾರ" ಅಂದರೆ ಸಾಕು, ಆಗ ನೆರೆಯೂರು ಮಸಗುಪ್ಪಿಯ ಹಾಲುಗೂಸು ಕೂಡ ನಾಗನೂರಿನ ನಮ್ಮ ಮನೆಯ ಕಡೆಗೆ ಬೆರಳು ತೋರಿಸುತ್ತಿತ್ತು.

ಎರಡನೆಯ ಜಾಗತಿಕ ಲಡಾಯಿ ಶುರುವಾಗುವ ಮುಂಚಿನ ಮಾತು. ಬೆಲ್ಲದ ವ್ಯಾಪಾರದಲ್ಲಿ ಒಂದಿಷ್ಟು ದುಡ್ಡು ಕೈಗೂಡಿತ್ತು. ಬೆಳಗಾವಿಯಲ್ಲಿ ಯಾವನೋ ಬಿಳಿಯ ಸಾಹೇಬ ವಿಲಾಯತಿಗೆ ಹೊರಡುವಾಗ ಮಾರಿದ ಮೋಟಾರನ್ನು ಭಾವನವರು ಕೊಂಡು ತಂದರು. ಬಟ್ಟೆಯ ಮಾಡು, ಹಿತ್ತಾಳೆಯ ದೀಪಗಳು, ಎಂಥ ಗಂಭೀರ ಗಾಡಿ ಅಂತೀರಿ! ಅಂಗಳಕ್ಕೆ ಬಂದು ನಿಂತರೂ ಕಾಳು ಹೆಕ್ಕುವ ಗುಬ್ಬಿಗಳು ತಲೆ ಎತ್ತುತ್ತಿರಲಿಲ್ಲ. ಅಷ್ಟು ಮೆತ್ತಗೆ ಬರುತ್ತಿತ್ತು. ದುಃಖ ಶುರುವಾದದ್ದು ಅಲ್ಲಿಂದಲೇ.

ಯಾಕೆಂದರೆ ನಮ್ಮ ಅಕ್ಕನಿಗೆ, ಅಂದರೆ ಭಾವನವರ ಹೆಂಡತಿಗೆ, ಒಂದು ವ್ರತವಿತ್ತು. ಗಂಡ ಕಾಲು ತೊಳೆದು ತಾಟಿನ ಮುಂದೆ ಕೂತಾಗ ಹಂಚಿನಿಂದ ಆಗಷ್ಟೇ ಇಳಿದ, ಉಬ್ಬಿದ ಜೋಳದ ರೊಟ್ಟಿಯೇ ಬೀಳಬೇಕು. ಮುಂಜಾನೆ ಬಡಿದಿಟ್ಟ ರೊಟ್ಟಿ ನಮಗೆಲ್ಲ ನಡೆಯುತ್ತಿತ್ತು, ಅವರಿಗೆ ಮಾತ್ರ ಇಲ್ಲ. ಮದುವೆಯಾದಾಗಿನಿಂದ ಒಂದು ದಿನವೂ ತಪ್ಪಿರಲಿಲ್ಲ. ಭಾವನವರು ಬರುವುದಕ್ಕೆ ಹೊತ್ತು ಗೊತ್ತು ಇರಲಿಲ್ಲ. ಚಕ್ಕಡಿಯ ಕಾಲದಲ್ಲಿ ಎತ್ತಿನ ಗೆಜ್ಜೆ ಊರ ಹೊರಗೆ ಕೇಳಿದರೆ ಅಕ್ಕ ಹಿಟ್ಟಿಗೆ ನೀರು ಹಾಕುತ್ತಿದ್ದಳು, ಲೆಕ್ಕ ಸರಿಹೋಗುತ್ತಿತ್ತು. ಮೋಟಾರು ಬಂದ ವರ್ಷವೇ ಆಕೆಗೆ ಚಳಿಜ್ವರ ಬಂತು. ಕಹಿ ಗುಳಿಗೆಗಳಿಂದ ಜ್ವರ ಹೋಯಿತು, ಹೋಗುವಾಗ ಕಿವಿಯನ್ನೂ ಮುಕ್ಕಾಲು ಪಾಲು ಕರೆದುಕೊಂಡು ಹೋಯಿತು.

ಒಂದು ಮಧ್ಯಾಹ್ನ ಭಾವನವರು ಬಂದು, ಕಾಲು ತೊಳೆದು, ತಾಟಿನ ಮುಂದೆ ಕೂತುಬಿಟ್ಟಿದ್ದರು. ಅಕ್ಕ ಹಿತ್ತಲಲ್ಲಿ ಬೆನ್ನು ತಿರುಗಿಸಿಕೊಂಡು ಕಾಳು ಹಸನು ಮಾಡುತ್ತಿದ್ದಳು. ಅವರು ಕರೆಯಲಿಲ್ಲ. ಬುಟ್ಟಿಯಿಂದ ತಂಗಳ ರೊಟ್ಟಿ ತಾವೇ ತೆಗೆದುಕೊಂಡು ಸದ್ದಿಲ್ಲದೆ ಉಂಡು ಎದ್ದರು. ಎಂಜಲು ತಾಟು ನೋಡಿ ಅಕ್ಕ ಅದರ ಪಕ್ಕದಲ್ಲೇ ಕೂತಳು. "ನನ್ನ ಕೈಯಾಗ ಇದೊಂದ ಉಳಿದಿತ್ತು. ಇದೂ ಹೋತು ನೋಡ" ಅಂದಳು.

ಮರುದಿನ ನಾನು ಜಾಣತನ ಮಾಡಿದೆ. ಮೋಟಾರು ಬಂದದ್ದು ಕಂಡ ಕೂಡಲೇ ಓಡಿಹೋಗಿ ಆಕೆಯ ಸೆರಗು ಜಗ್ಗಿದೆ. ಆಕೆ ನನ್ನ ಕೈ ಕೊಡವಿದಳು. "ನೀ ಹೇಳೂದು, ನಾ ಬಡಿಯೂದು! ಹಂಗಾರ ನೀನ ಬಡಿದು ಹಾಕು" ಅಂದಳು. ಆ ದಿನ ಆಕೆ ಉಣ್ಣಲಿಲ್ಲ. ಸಹಾಯ ಮಾಡಹೋಗಿ ಗಾಯಕ್ಕೆ ಬರೆ ಎಳೆದಿದ್ದೆ. ಇವತ್ತಿಗೂ ಅದು ನೆನಪಾದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಹಾರ್ನು ಊದಬಹುದಿತ್ತಲ್ಲ ಅನ್ನುತ್ತೀರಾ? ಊದಿದರು! ರಬ್ಬರಿನ ಉಂಡೆ ಹರಿಯುವ ತನಕ ಹಿಚುಕಿದರು. ಓಣಿಯ ನಾಯಿಗಳೆಲ್ಲ ಓಗೊಟ್ಟವು, ಅಕ್ಕನಿಗೆ ಮಾತ್ರ ಕೇಳಲಿಲ್ಲ.

ಅದಾಗಿ ಎಂಟು ದಿನಕ್ಕೆ ಭಾವನವರು ಗೋಕಾಕಿಗೆ ಹೋಗಿ ಮೋಟಾರಿನ ಹೊಟ್ಟೆಯ ಕೆಳಗಿನ ಸೈಲೆನ್ಸರನ್ನು ಬಿಚ್ಚಿಸಿದರು. ಅದರ ಜಾಗದಲ್ಲಿ, ತೋಟದ ನೀರೆತ್ತುವ ಹಳೆಯ ಎಂಜಿನ್ನಿನ ಹೊಗೆಕೊಳವೆಯನ್ನು ಕತ್ತರಿಸಿ ಜೋಡಿಸಿದರು! ಬಾಯಿ ಅಗಲವಾದ, ಕೊಂಬುಕಹಳೆಯಂಥ ಕಬ್ಬಿಣದ ಕೊಳವೆ. ಯಾಕೆ ಅಂತ ಕೇಳಿದವರಿಗೆಲ್ಲ ಒಂದೇ ಉತ್ತರ: "ಎಂಜಿನ್ನಿಗೆ ಉಸರ ಕಟ್ಟತಿತ್ತು. ಈಗ ಮನಸ ಬಿಚ್ಚಿ ಉಸರ ಬಿಡತೈತಿ. ತಾಕತ್ತ ಎಷ್ಟ ಬಂದೈತಿ ನೋಡ್ರಿ!"

ಗೋಕಾಕದ ಮಿಸ್ತ್ರಿ ಪ್ರಾಮಾಣಿಕ ಮನುಷ್ಯ. "ಸಾವಕಾರ್ರ, ಖರೆ ಹೇಳತೇನ್ರಿ. ಬಯಲದಾಗ ಜೋರ ಬಿಟ್ಟಾಗ ಒಂಚೂರು ಹಗರ ಅನಸಬಹುದು. ಏರು ಹತ್ತೂ ಮುಂದ ಮೊದಲಿನಂಗ ಜಗ್ಗೂದಿಲ್ಲ. ಗಾಡಿ ಓಡಾಕತ್ತೈತಿ ಅಂತ ನಿಮ್ಮ ಕಿವಿಗಷ್ಟ ಅನಸತೈತ್ರಿ" ಅಂದನಂತೆ.

"ಕಿವಿಗೆ ಅನಿಸಿದ್ರ ಸಾಕೋ ಮಿಸ್ತ್ರಿ" ಅಂದರಂತೆ ಇವರು.

ನಮ್ಮ ಯಜಮಾನರು ಅಷ್ಟಕ್ಕೆ ಬಿಡುವವರಲ್ಲ. ಜೇಬಿನ ಗಡಿಯಾರ ಹಿಡಿದುಕೊಂಡು ಪರೀಕ್ಷೆಗೆ ಹೊರಟರು. ಭಾವನವರು ಗೋಕಾಕದಿಂದ ಫಾಲ್ಸಿನ, ಅಂದರೆ ಜಲಪಾತದ, ಏರು ಹತ್ತಿಸಿದರು. ಸದ್ದು ಕೇಳಿದರೆ ಮೋಟಾರು ಕೊಲ್ಲಾಪುರ ಮುಟ್ಟಿರಬೇಕು, ಕಣ್ಣು ಬಿಟ್ಟು ನೋಡಿದರೆ ಬಾಜೂಕ್ಕೆ ಹುಲ್ಲಿನ ಚಕ್ಕಡಿ ಸರಿಸಮ ಬರುತ್ತಿದೆ! ಸ್ಟೇರಿಂಗು ಹಿಡಿದ ಕೈ ಜುಮುಗುಟ್ಟುತ್ತಿತ್ತು, ಹಲಗೆಯ ಸಂದಿಯಿಂದ ಹೊಗೆ ಬಂದು ಕಣ್ಣು ಕೆಂಪಾಗಿತ್ತು. ಇಳಿಜಾರಿನಲ್ಲಿ ಕಾಲು ತೆಗೆದರೆ ಕೊಳವೆ ಢಂ ಢಂ ಅಂತ ಪಟಾಕಿ ಹಾರಿಸುತ್ತಿತ್ತು.

"ಅಣ್ಣಾ, ಮೊದಲಿಗಿಂತ ಎರಡ ಮಿನಿಟ ತಡಾ ಆತು" ಅಂದರು ಯಜಮಾನರು.

"ನಿನ್ನ ಗಡಿಯಾರ ಅಂಜಿ ಓಡೈತಿ. ಮೋಟಾರ ತನ್ನ ಪಾಡಿಗೆ ಬಂದೈತಿ!"

ಇಂಥವರ ಜೊತೆ ವಾದ ಮಾಡುವುದು ಹೇಗೆ? ಅಕ್ಕನ ತವರು ಹುಕ್ಕೇರಿ. ಅಲ್ಲಿ ಆಕೆಯ ತಮ್ಮನ ಮಗಳ ಮದುವೆಗೆ ಮೋಟಾರಿನಲ್ಲೇ ಹೋದೆವು. ಮದುಮಗ ಬಾಸಿಂಗ ಕಟ್ಟಿಕೊಂಡು, ಕುದುರೆಯೇರಿ, ಊರೊಳಗೆ ಬರುತ್ತಿದ್ದ. ಎದುರಿಗೆ ನಮ್ಮ ಕೊಳವೆ ಒಮ್ಮೆ ಢಂ ಅಂದಿತು. ಕುದುರೆ ಅಲ್ಲೇ ತಿರುಗಿ, ಮದುಮಗನ ಸಮೇತ ತನ್ನ ಊರಿನ ದಾರಿ ಹಿಡಿಯಿತು! ಹುಡುಗನಿಗೆ ಹುಡುಗಿ ಒಪ್ಪಿಗೆಯಿಲ್ಲವೇನೋ ಅಂತ ಬೀಗರ ನಡುವೆ ಜಗಳವೇ ಹತ್ತಿತು. ಕೊನೆಗೆ ಭಾವನವರೇ ಬೆನ್ನತ್ತಿ ಹೋದರು, ಮೋಟಾರಿನಲ್ಲಿ! ಕುದುರೆ ಇನ್ನಷ್ಟು ಓಡಿತು. ಅಕ್ಷತೆ ಬೀಳುವಾಗ ಹೊತ್ತು ಇಳಿದಿತ್ತು.

ಇಷ್ಟೆಲ್ಲ ನಗೆಪಾಟಲಿನ ನಡುವೆ ಮನೆಯಲ್ಲಿ ಒಂದು ಸೋಜಿಗ ನಡೆದಿತ್ತು. ಅಕ್ಕನ ರೊಟ್ಟಿ ಮತ್ತೆ ಶುರುವಾಗಿತ್ತು. ಮೋಟಾರು ಇನ್ನೂ ಹೊಲದ ದಾರಿಯಲ್ಲಿರುವಾಗಲೇ ಆಕೆ ಹಂಚು ಇಡುತ್ತಿದ್ದಳು. ಭಾವನವರು ತಾಟಿನ ಮುಂದೆ ಕೂತರೆ ಉಬ್ಬಿದ ರೊಟ್ಟಿ ಬೀಳುತ್ತಿತ್ತು. ಅವರು ಮೊದಲ ತುತ್ತು ಮುರಿಯುವುದನ್ನು ಆಕೆ ಬಾಗಿಲ ಮರೆಯಿಂದ ನೋಡುತ್ತಿದ್ದಳು. ಆಗ ಆ ಮುಖ ನೋಡಬೇಕಿತ್ತು ನೀವು!

ಭಾವನವರ ಎರಡನೆಯ ಹುಚ್ಚು ಎಂದರೆ ಎಮ್ಮೆ. ನಮ್ಮ ಕಡೆಯ ಮನೆಗಳಲ್ಲಿ ತಲೆಬಾಗಿಲು ದಾಟಿದರೆ ಮೊದಲು ದನ ಕಟ್ಟುವ ದಂದಕಿ, ಆಮೇಲೆ ಪಡಸಾಲೆ, ಅದರಾಚೆ ಅಡಿಗೆಮನೆ. ಆ ದಂದಕಿಯಲ್ಲಿ ಹಾಲು ಬತ್ತಿ ಎಷ್ಟೋ ವರ್ಷವಾದ ಮುದಿ ಎಮ್ಮೆಯೊಂದು ಮೇವು ತಿನ್ನುತ್ತ ನಿಂತಿತ್ತು. "ಅಣ್ಣಾ, ಹಾಲ ಕೊಡಲಾರದ್ದು ಯಾಕ ಇಟಗೊಂಡಿ?" ಅಂತ ಯಜಮಾನರು ಸಂತೆಗೊಮ್ಮೆ ಕೇಳುವವರು. "ಅದನ್ನ ಹಾಲಿಗೆ ಇಟ್ಟಿಲ್ಲ" ಅನ್ನುವುದು ಇವರ ಉತ್ತರ. ಹಾಗಾದರೆ ಯಾತಕ್ಕೆ? ಎಮ್ಮೆಯೇನು ಪುರಾಣ ಓದುತ್ತದೆಯೇ!

ಒಂದು ದಿನ ನನ್ನ ಕೈಯಿಂದ ಹಿತ್ತಾಳೆಯ ಕೊಡ ಜಾರಿ ಅಕ್ಕನ ಬೆನ್ನ ಹಿಂದೆಯೇ ಬಿತ್ತು. ಆಕೆ ತಿರುಗಲಿಲ್ಲ. ಉಳಿದ ಕಾಲು ಪಾಲು ಕಿವಿಯೂ ಹೋಗಿತ್ತು! ಹಾಗಾದರೆ ಮೋಟಾರು ಹೇಗೆ ಕೇಳುತ್ತದೆ? ಮಧ್ಯಾಹ್ನ ಆಕೆಯನ್ನೇ ನೋಡುತ್ತ ಕೂತೆ. ಅಕ್ಕ ಅಡಿಗೆಮನೆಯ ಬಾಗಿಲಿಗೆ ಒರಗಿ ದಂದಕಿಯ ಕಡೆಗೆ ದಿಟ್ಟಿಸುತ್ತಿದ್ದಳು. ದೂರದಲ್ಲಿ ಕೊಳವೆ ಢಮಢಮ ಅಂದಿತು. ಮಲಗಿದ್ದ ಎಮ್ಮೆ ಕಿವಿ ನಿಗುರಿಸಿ, ಹಗ್ಗ ಜಗ್ಗುತ್ತ ಎದ್ದು ನಿಂತಿತು. ಅಕ್ಕ ಹಂಚು ಇಟ್ಟಳು.

ನಾನು ಇದನ್ನು ನೋಡಿಬಿಟ್ಟೆನೆಂದು ಆಕೆಗೆ ತಿಳಿಯಿತು. ನನ್ನ ಕೈ ಹಿಡಿದುಕೊಂಡು, "ಅವರಿಗೆ ಹೇಳಬ್ಯಾಡ ತಂಗಿ. ನನಗ ಕೇಳತೈತಿ ಅಂತ ತಿಳಕೊಂಡಾರ. ಹಂಗ ಇರಲಿ" ಅಂದಳು. ನಾನು ಹೇಳಲಿಲ್ಲ, ಯಜಮಾನರಿಗೂ ಹೇಳಲಿಲ್ಲ.

ಲಡಾಯಿ ಬಂತು. ಪೆಟ್ರೋಲು ಚೀಟಿಯ ಮೇಲೆ ಅಳೆದು ಸುರಿದು ಸಿಗತೊಡಗಿತು. ಕೊಳವೆ ತೆಗೆದು ಮೊದಲಿನ ಸೈಲೆನ್ಸರನ್ನೇ ಹಾಕಿದರೆ ಎಂಜಿನ್ನು ಸರಿಹೋದೀತು, ಪೆಟ್ರೋಲು ತುಸು ಉಳಿದೀತು ಅಂತ ಮಿಸ್ತ್ರಿ ಬಡಕೊಂಡ. ಭಾವನವರು ಕೇಳಲಿಲ್ಲ. ವಾರಕ್ಕೊಮ್ಮೆ ಮೋಟಾರು, ಉಳಿದ ದಿನ ಮನೆಯಲ್ಲೇ ಇದ್ದುಬಿಡುತ್ತಿದ್ದರು. ಅಂಥದೇ ಒಂದು ವರ್ಷದ ಚಳಿಗಾಲದಲ್ಲಿ ಅಕ್ಕ ನಾಲ್ಕು ದಿನ ಜ್ವರದಲ್ಲಿ ಮಲಗಿದಳು, ಐದನೆಯ ದಿನ ಏಳಲಿಲ್ಲ. ಕೊನೆಯ ದಿನವೂ ಆಕೆಯ ಕಣ್ಣು ದಂದಕಿಯ ಕಡೆಗಿತ್ತು. ನಾನು ಎಷ್ಟು ಅತ್ತೆ ಅನ್ನುವುದನ್ನು ಬರೆಯಲಾರೆ.

ದಿನಕರ್ಮ ಮುಗಿದ ಮೇಲೆ ಭಾವನವರು ಗೋಕಾಕಿಗೆ ಹೋದರು. ಸಂಜೆಯ ಹೊತ್ತಿಗೆ ನಾನು ಮೇವು ಹಾಕಲು ದಂದಕಿಗೆ ಬಂದೆ, ನೋಡಿದರೆ ಅವರು ಅಲ್ಲೇ ಎಮ್ಮೆಯ ಬೆನ್ನಮೇಲೆ ಕೈಯಿಟ್ಟು ನಿಂತಿದ್ದಾರೆ! ಯಾವಾಗ ಬಂದರೋ ನನಗೆ ಗೊತ್ತೇ ಆಗಿರಲಿಲ್ಲ. ಹೊರಗೆ ಮೋಟಾರು ನಿಂತಿತ್ತು, ಕೊಳವೆ ಇರಲಿಲ್ಲ. ಕಣಜದಲ್ಲಿ ಇಷ್ಟು ವರ್ಷ ಚೀಲದಲ್ಲಿ ಸುತ್ತಿಟ್ಟಿದ್ದ ಹಳೆಯ ಸೈಲೆನ್ಸರು ಅದರ ಜಾಗಕ್ಕೆ ಬಂದಿತ್ತು. ಅಂಗಳದಲ್ಲಿ ಗುಬ್ಬಿಗಳು ಕಾಳು ಹೆಕ್ಕುತ್ತಿದ್ದವು.

ಮದುವೆಯಾಗಿ ಬಂದಾಗಿನಿಂದ ನಾನು ಭಾವನವರ ಎದುರು ಬಾಯಿ ಬಿಟ್ಟವಳಲ್ಲ. ಆ ಹೊತ್ತು ಸೆರಗು ಸರಿಮಾಡಿಕೊಂಡು ಹೇಗೋ ಕೇಳಿಬಿಟ್ಟೆ. "ಕೊಳವಿ ಯಾಕ ತಗಸಿದ್ರಿ ಭಾವಾರ?"

"ಇನ್ನ ಯಾರಿಗೆ ಕೇಳಬೇಕವ್ವಾ" ಅಂದರು.

ಅಕ್ಕನಿಗೆ ಕೊಟ್ಟ ಮಾತು ನೆನಪಾಯಿತು. ಅಕ್ಕನೇ ಇಲ್ಲದ ಮೇಲೆ ಇನ್ನು ಯಾರಿಗಾಗಿ ಮುಚ್ಚಿಡಲಿ? "ಅಕ್ಕಗ..." ಅಂತ ಶುರು ಮಾಡಿದೆ.

ಭಾವನವರು ಎಮ್ಮೆಯ ಕಿವಿ ಸವರಿದರು. "ಆಕಿಗೆ ಏನೂ ಕೇಳತಿರಲಿಲ್ಲ. ನನಗ ಗೊತ್ತಿತ್ತು. ಒಮ್ಮೆ ಎಂಜಿನ್ ಕೆಟ್ಟು ನಡಕೋತ ಬಂದಿದ್ದೆ, ಇಲ್ಲೇ ಬಾಗಲ ಮರಿಯಾಗ ನಿಂತ ನೋಡಿದೆ. ನಾ ಕೂಗಿದ್ದೂ ಕೇಳಲಿಲ್ಲ, ಎಮ್ಮಿ ಮಾರಿ ನೋಡಕೋತ ಕುಂತಿದ್ಲು. ಅವತ್ತ ತಿಳೀತು. ಆಮ್ಯಾಲ ಆ ಕೊಳವಿ ಇಟಗೊಂಡದ್ದು ಈ ಎಮ್ಮಿಗವ್ವಾ. ಇದಕ್ಕೂ ವಯಸ್ಸಾಗಿತ್ತಲ್ಲ, ಸಣ್ಣ ಸಪ್ಪಳಕ್ಕ ಏಳತಿರಲಿಲ್ಲ. ಆಕಿಗೆ ಹೇಳೂದು ಬ್ಯಾಡ ಅಂತ ಮನಸಿನಾಗ ಇಟಗೊಂಡೆ."

ನಾನು ಒಳಗೆ ಹೋದೆ. ಹಿಟ್ಟಿಗೆ ಬಿಸಿನೀರು ಹಾಕಿ, ಹಂಚು ಇಟ್ಟು, ಅಳುತ್ತ ಅಳುತ್ತ ರೊಟ್ಟಿ ಬಡಿದೆ. ಅದು ಅಕ್ಕನ ರೊಟ್ಟಿಯಷ್ಟು ಉಬ್ಬಲಿಲ್ಲ. ಭಾವನವರು ಕಾಲು ತೊಳೆದು ತಾಟಿನ ಮುಂದೆ ಕೂತರು. ಬಿದ್ದ ರೊಟ್ಟಿಯನ್ನು ಹಾಗೇ ಕೈಯಲ್ಲಿ ಹಿಡಿದು ಎದ್ದು, ದಂದಕಿಗೆ ಹೋಗಿ, ಮುರಿದು ಮುರಿದು ಎಮ್ಮೆಯ ಬಾಯಿಗೆ ಕೊಟ್ಟರು.