ಹೊಟ್ಟೆಗೆ ಹೆದರಿದ ಭಾವ

ಜನ ನಾಯಿಗೆ ಹೆದರುತ್ತಾರೆ, ಹಾವಿಗೆ ಹೆದರುತ್ತಾರೆ, ಹೆಂಡತಿಯ ತವರಿನವರಿಗೂ ಹೆದರುತ್ತಾರೆ. ನಮ್ಮ ಭಾವ ಇದ್ಯಾವುದಕ್ಕೂ ಹೆದರಿದವರಲ್ಲ (ತವರಿನವಳಾದ ನಾನೇ ಸಾಕ್ಷಿ). ಅವರು ಹೆದರಿದ್ದು ತಮ್ಮ ಸ್ವಂತ ಹೊಟ್ಟೆಗೆ!

ಭಾವ ಎಂದರೆ ನನ್ನ ಅಕ್ಕನ ಗಂಡ. ಚಾಮರಾಜಪುರಂನಲ್ಲಿ ಮನೆ. ಜನರಿಗೆ ಕಾರು ಓಡಿಸಲು ಕಲಿಸುವುದು ಕೆಲಸ. ಮೂವತ್ತು ವರ್ಷ ಕಲಿಯುವವರ ಪಕ್ಕ ಕೂತು ಮೈಸೂರಿನ ಅಷ್ಟೂ ಸರ್ಕಲ್ಲುಗಳನ್ನು ಸುತ್ತಿದ ಮನುಷ್ಯನಲ್ಲಿ ಭಯವೆಲ್ಲಿ ಉಳಿದೀತು? ಒಮ್ಮೆ ಒಬ್ಬ ನಿವೃತ್ತ ಮೇಷ್ಟ್ರು ಬ್ರೇಕೆಂದುಕೊಂಡು ಆಕ್ಸಿಲರೇಟರ್ ಒತ್ತಿ, ಕಾರನ್ನು ಹೂವಿನ ಅಂಗಡಿಗೇ ನುಗ್ಗಿಸಿದರಂತೆ. ಭಾವ ಇಳಿದು, ಬಾನೆಟ್ಟಿನ ಮೇಲೆ ಬಿದ್ದಿದ್ದ ಸೇವಂತಿಗೆ ಹಾರ ಎತ್ತಿಟ್ಟು, ಸಿಗರೇಟು ಹಚ್ಚಿ, "ಪರವಾಗಿಲ್ಲ ಬುಡಿ ಸಾರ್, ಯಾವುದು ಬ್ರೇಕಲ್ಲ ಅನ್ನೋದು ಇವತ್ತು ಗೊತ್ತಾಯ್ತಲ್ಲ" ಅಂದರಂತೆ!

ಧೈರ್ಯವಿದ್ದದ್ದು ಭಾವನವರಲ್ಲೋ ಸಿಗರೇಟಿನಲ್ಲೋ ಎಂಬುದು ನಮಗೆ ತಿಳಿದದ್ದು ಬಹಳ ತಡವಾಗಿ.

ಕಳೆದ ವರ್ಷ ಅಕ್ಕನಿಗೆ ಕೆಮ್ಮು ಹಿಡಿಯಿತು. ಎರಡು ತಿಂಗಳಾದರೂ ಬಿಡಲಿಲ್ಲ. ಮೂವರೂ ಹತ್ತಿರದ ಡಾಕ್ಟರಮ್ಮನ ಬಳಿ ಹೋದೆವು. ಆಕೆ ಅಕ್ಕನ ಬೆನ್ನಿಗೆ ಸ್ಟೆಥಾಸ್ಕೋಪು ಇಟ್ಟು, ಎಕ್ಸ್‌ರೇ ನೋಡಿ, "ಎಷ್ಟು ವರ್ಷದಿಂದ ಸೇದ್ತಿದ್ದೀರಮ್ಮ?" ಎಂದು ಕೇಳಿದರು. ಊದುಬತ್ತಿಯ ಹೊಗೆಗೂ ಮೂಗು ಮುಚ್ಚಿಕೊಳ್ಳುವ ನನ್ನಕ್ಕ ನಕ್ಕುಬಿಟ್ಟಳು.

"ಸೇದೋರು ಇವರು ಡಾಕ್ಟ್ರೇ. ನಾನು ಬರೀ ಕೆಮ್ಮೋಳು."

ನಾನೂ ನಕ್ಕೆ. ಭಾವ ನಗಲಿಲ್ಲ. ಹೊರಗೆ ಬಂದವರೇ ಜೇಬಿನಲ್ಲಿದ್ದ ಪ್ಯಾಕನ್ನು ಕಸದ ಬುಟ್ಟಿಗೆ ಎಸೆದರು. ಅಲ್ಲಿಗೆ ಮುಗಿಯಿತು. ಅಂದರೆ, ಅಲ್ಲಿಂದ ಶುರುವಾಯಿತು!

ಮೊದಲು ಮುಷ್ಕರ ಹೂಡಿದ್ದು ಹೊಟ್ಟೆ. ಮೂವತ್ತು ವರ್ಷ ಬೆಳಿಗ್ಗೆ ಒಂದು ಸಿಗರೇಟು ಕೊಟ್ಟರಷ್ಟೇ ಕೆಲಸಕ್ಕೆ ಇಳಿಯುತ್ತಿದ್ದ ಹೊಟ್ಟೆ ಅದು. ಈಗ ಸುಮ್ಮನೆ ಕೆಲಸ ಮಾಡು ಎಂದರೆ ಕೇಳೀತೇ? ಭಾವ ಟಾಯ್ಲೆಟ್ಟಿನಲ್ಲಿ ಕೂತು ಪೇಪರಿನ ಕೊನೆಯ ಪುಟದವರೆಗೂ ಓದಿ, ಬರಿಗೈಯಲ್ಲಿ ಹೊರಗೆ ಬರುತ್ತಿದ್ದರು. ನಾಲ್ಕನೆಯ ದಿನ ನಾನು ಫೋನ್ ಮಾಡಿದಾಗ ದನಿ ನಡುಗುತ್ತಿತ್ತು.

"ಇಂಜಿನ್ ಸೀಜ್ ಆಗ್ಬುಟ್ಟಿದೆ ಕಣಮ್ಮ. ಒಳಗೆ ಏನೋ ದೊಡ್ಡದೇ ಕೆಟ್ಟಿದೆ."

ಬೀದಿಯವರೆಲ್ಲ ಔಷಧಿ ಹೇಳಿದರು. ಯಾರ ಮನಸ್ಸನ್ನೂ ನೋಯಿಸಬಾರದೆಂದು ಭಾವ ಒಂದೇ ದಿನ ಎಲ್ಲವನ್ನೂ ಸೇವಿಸಿದರು: ಓಮಿನ ಕಷಾಯ, ಇಂಗು ಬೆರೆಸಿದ ಮಜ್ಜಿಗೆ, ನಾಲ್ಕು ಪಚ್ಚಬಾಳೆಹಣ್ಣು, ಮೇಲೊಂದು ಲೋಟ ಇಸಬ್ಗೋಲು. ಸಂಜೆ ಹೊತ್ತಿಗೆ ಹೊಟ್ಟೆ ತಮಟೆಯಂತೆ ಬಿಗಿಯಿತು. ಒಳಗಿನಿಂದ ಗುರ್ರೋ ಎಂಬ ಸದ್ದು ಬೇರೆ. ಪಕ್ಕದ ಮನೆಯಾಕೆ ಕಾಂಪೌಂಡಿನಿಂದ ಇಣುಕಿ, "ಯಾರ್ರೀ ಅದು, ಗಾಡಿ ಸ್ಟಾರ್ಟ್ ಆಗ್ತಿಲ್ವಾ?" ಎಂದು ಕೇಳಿದರು!

ಆಮೇಲೆ ಕೈ ನಡುಕ ಬಂತು. ಬೆವರು ಬಂತು. ರಸ್ತೆಯ ಭಯವೂ ಬಂತು. ಶ್ರೀರಾಂಪುರದ ಖಾಲಿ ರಸ್ತೆಯಲ್ಲಿ, ಸೈಕಲ್ಲಿಗಿಂತ ನಿಧಾನವಾಗಿ ಹೋಗುತ್ತಿದ್ದ ಕಾಲೇಜು ಹುಡುಗಿಯ ಪಕ್ಕ ಕೂತು ಭಾವ "ಅಯ್ಯೋ! ಅಯ್ಯೋ!" ಎಂದು ಕೂಗುತ್ತಾ ತಮ್ಮ ಕಾಲಡಿಯ ಬ್ರೇಕನ್ನು ಒತ್ತುತ್ತಲೇ ಇದ್ದರಂತೆ. ಕೊನೆಗೆ ಆಕೆಯೇ ಕಾರು ನಿಲ್ಲಿಸಿ, "ಸಾರ್, ಹೆದ್ರುಕೋಬೇಡಿ, ನಾನಿದ್ದೀನಿ" ಅಂದಳಂತೆ. ಗುರುವಿಗೆ ಇದಕ್ಕಿಂತ ಅವಮಾನ ಬೇಕೆ?

ಹೀಗಿರಲು ಒಂದು ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಫೋನು ಬಂತು.

"ಎದೆ ಹಿಡ್ಕೊಂಡಿದೆ. ನಿಮ್ಮಕ್ಕನಿಗೆ ಹೇಳ್ಬೇಡ. ಬೇಗ ಬಾರಮ್ಮ."

ಈ ಸಲ ನನಗೆ ನಗು ಬರಲಿಲ್ಲ. ಸ್ಕೂಟರು ಹೇಗೆ ಓಡಿಸಿದೆನೋ ನೆನಪಿಲ್ಲ. ಭಾವ ಗೇಟಿನ ಹೊರಗೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎಡಗೈಯಿಂದ ಎದೆ ಒತ್ತಿಕೊಂಡು ನಿಂತಿದ್ದರು. ಬಲಗೈಯಲ್ಲಿದ್ದ ಒಂದು ಕಾಗದವನ್ನು ನನಗೆ ಕೊಟ್ಟರು. ಕಲಿಯುವವರು ತುಂಬುವ ಅರ್ಜಿಯ ಹಿಂಬದಿಯಲ್ಲಿ ಬರೆದಿತ್ತು: "ಗ್ಯಾಸ್ ಬುಕ್ ಮಾಡುವ ನಂಬರು ಕ್ಯಾಲೆಂಡರಿನ ಹಿಂದಿದೆ. ಮೋಟರ್ ಸ್ವಿಚ್ಚು ಮೇಲಕ್ಕೆ ಒತ್ತಬೇಕು, ಕೆಳಕ್ಕಲ್ಲ. ನನ್ನ ಹನ್ನೊಂದನೇ ದಿನಕ್ಕೆ ಬದನೆಕಾಯಿ ಬೇಡ."

ಆಟೋ ಹಿಡಿದು ನರ್ಸಿಂಗ್ ಹೋಮಿಗೆ ಓಡಿದೆವು. ಇಸಿಜಿ ಆಯಿತು, ರಕ್ತವನ್ನೂ ಪರೀಕ್ಷಿಸಿದರು. ಡಾಕ್ಟರು ಎಲ್ಲವನ್ನೂ ನೋಡಿ, ಹೊಟ್ಟೆಯ ಮೇಲೆ ಕೈಯಿಟ್ಟು ಮೆಲ್ಲಗೆ ಒತ್ತಿದರು. ಭಾವ ಒಂದು ತೇಗು ತೇಗಿದರು ನೋಡಿ! ಬಾಗಿಲ ಪರದೆ ಅಲುಗಾಡಿತು ಎಂದರೆ ನೀವು ನಂಬುವುದಿಲ್ಲ, ಬಿಡಿ.

"ಹಾರ್ಟ್ ಚೆನ್ನಾಗಿದೆ. ಇದು ಗ್ಯಾಸು" ಎಂದರು ಡಾಕ್ಟರು. "ಸಿಗರೇಟು ಬಿಟ್ಟು ಎಷ್ಟು ದಿನ ಆಯ್ತು?"

"ಹತ್ತೊಂಬತ್ತು ದಿನ, ಮೂರು ಗಂಟೆ."

"ಬಿಟ್ಟಾಗ ಕೆಲವು ವಾರ ಹೊಟ್ಟೆ ಹೀಗೇ ಮೊಂಡು ಹಿಡಿಯುತ್ತೆ. ಕೈ ನಡುಗುತ್ತೆ, ಭಯಾನೂ ಆಗುತ್ತೆ. ನೀರು ಕುಡೀರಿ, ನಡೀರಿ. ಎದೆನೋವು ಅಂತ ಬಂದಿದ್ದು ಒಳ್ಳೇದೇ ಆಯ್ತು. ಮತ್ತೆ ಬಂದ್ರೂ ತಡ ಮಾಡ್ಬೇಡಿ."

ಹೊರಗಿನ ಬೆಂಚಿನ ಮೇಲೆ ಕೂತಾಗ ನನಗೆ ಜೀವ ಬಂದಂತಾಯಿತು. ಜೀವದ ಜೊತೆಗೆ ನಾಲಿಗೆಯೂ ಬಂತು. "ಭಾವ, ಒಂದು ತೇಗಿಗೆ ಉಯಿಲು ಬರೆದೋರು ಮೈಸೂರಲ್ಲಿ ನೀವೊಬ್ರೇ!" ಅಂದೆ.

ಭಾವ ನೆಲ ನೋಡುತ್ತಾ ಕೂತರು.

"ಸಾಯೋಕೆ ಹೆದರಿದ್ದು ನಿಜ ಕಣಮ್ಮ. ಆದ್ರೆ ಅದಕ್ಕಿಂತ ಹೆಚ್ಚು ಹೆದರಿದ್ದು ಇನ್ನೊಂದಕ್ಕೆ. ಒಂದೇ ಒಂದು ಎಳೆದ್ರೆ ಈ ಹೊಟ್ಟೆ, ಎದೆ, ನಡುಕ ಎಲ್ಲಾ ನಿಂತೋಗುತ್ತೆ ಅನ್ನಿಸ್ತು. ಚಪ್ಪಲಿ ಮೆಟ್ಕೊಂಡು ಅಂಗಡಿಗೆ ಅಂತ ಗೇಟು ದಾಟ್ಬುಟ್ಟಿದ್ದೆ. ಅಷ್ಟರಲ್ಲಿ ಒಳಗೆ ಅವಳು ಕೆಮ್ಮಿದ್ಲು. ಅಲ್ಲೇ ನಿಂತು ನಿನಗೆ ಫೋನ್ ಮಾಡ್ದೆ."

"ಅಕ್ಕನ್ನೇ ಕರೀಬಹುದಿತ್ತಲ್ಲ ಭಾವ?"

"ಅವಳು ನನ್ನ ಒದ್ದಾಟ ನೋಡಲಾರಳು. 'ಹೋಗ್ಲಿ ಬುಡಿ, ಒಂದು ಸೇದ್ಕೊಳ್ಳಿ' ಅಂದ್ಬುಡ್ತಾಳೆ. ಅವಳು ಹಾಗಂದ್ರೆ ನಾನು ಸೇದ್ಬುಡ್ತೀನಿ."

ಇಬ್ಬರೂ ನಡೆದುಕೊಂಡೇ ಮನೆಗೆ ಹೋದೆವು.

ಈಗ ಎಂಟು ತಿಂಗಳಾಯಿತು. ಹೊಟ್ಟೆ ಮುಷ್ಕರ ಹಿಂತೆಗೆದುಕೊಂಡಿದೆ. ಆದರೂ ಆಗೊಮ್ಮೆ ಈಗೊಮ್ಮೆ, ನಾನು ಆಫೀಸಿನಲ್ಲಿರುವಾಗ ಭಾವನವರ ಫೋನು ಬರುತ್ತದೆ. "ಏನಮ್ಮ, ಊಟ ಆಯ್ತಾ?" ಎನ್ನುತ್ತಾರೆ. ಬೆಳಗಿನ ಹತ್ತೂವರೆಗೆ ಯಾರಿಗೆ ಊಟ ಆಗಿರುತ್ತದೆ? ನಾನು ಕೆಲಸ ಪಕ್ಕಕ್ಕಿಟ್ಟು, "ಇಲ್ಲ ಭಾವ, ಹೇಳಿ" ಎಂದು ಬಾಯಿಗೆ ಬಂದದ್ದೆಲ್ಲ ಮಾತಾಡುತ್ತೇನೆ. ನಿನ್ನೆಯೂ ಹಾಗೇ ಮಾತಾಡುತ್ತಿದ್ದಾಗ ಅತ್ತ ಅಡುಗೆಮನೆಯಲ್ಲಿ ಅಕ್ಕ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದ ಚುಂಯ್ ಸದ್ದು ಕೇಳಿಸಿತು. ಭಾವ ಮಾತು ನಿಲ್ಲಿಸಿದರು. ನಾನೂ ಉಸಿರು ಹಿಡಿದು ಕಾದೆ.

ಅಕ್ಕ ಕೆಮ್ಮಲಿಲ್ಲ.

"ಸರಿ ಕಣಮ್ಮ, ಇಡ್ಲಾ?" ಎಂದರು ಭಾವ.