ಕೂತು ಮಾಡುವ ಕೆಲಸ

"ಸೈಕಲ್ ಬಗ್ಗೆನೇ ಕೇಳ್ತಾರೆ, ಬರೆದಿಟ್ಕೋ!" ಎಂದು ಬೆಳಗ್ಗೆ ಆರು ಗಂಟೆಗೇ ಸುದ್ದಿ ತಂದವರು ಎದುರುಮನೆ ಮೇಷ್ಟ್ರು. "ಹೋದ ವರ್ಷವೂ ಅದೇ, ಅದರ ಹಿಂದಿನ ವರ್ಷವೂ ಅದೇ. ಆ ಡಾಕ್ಟರಮ್ಮನ ಹತ್ರ ಇರೋದೇ ಒಂದು ಪ್ರಶ್ನೆಪತ್ರಿಕೆ ಕಣಯ್ಯಾ."

ಸ್ಟ್ರೆಚರಣ್ಣನ ಮುಖ ಹುಳ್ಳಗಾಯಿತು. ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷ ಸ್ಟ್ರೆಚರ್ ತಳ್ಳಿ ಗಳಿಸಿದ ಹೆಸರು ಅದು. ಜೊತೆಗೆ ಗಳಿಸಿದ್ದು ಮಂಡಿನೋವು. ಇವತ್ತು ಇಂಗ್ಲಿಷ್ ಮಾತಿನ ಪರೀಕ್ಷೆಯಲ್ಲಿ ಗೆದ್ದರೆ ವಿಚಾರಣೆ ಕೌಂಟರಿನ ಮೆತ್ತನೆ ಕುರ್ಚಿ, ಸೋತರೆ ಮತ್ತೆ ಅದೇ ಸ್ಟ್ರೆಚರ್. ಆದರೆ ಈ ಪುಣ್ಯಾತ್ಮ ಹುಟ್ಟಿದಾಗಿನಿಂದ ಸೈಕಲ್ ಹತ್ತಿದವನೇ ಅಲ್ಲ.

"ಹತ್ತಿ ತೋರಿಸು ಅಂತಾರಾ? ಬಾಯಲ್ಲಿ ಹೇಳಿದ್ರೆ ಸಾಕಲ್ಲ," ಅಂದಳು ಹೆಂಡತಿ.

ಅಷ್ಟೇ ಸಾಕಾಯಿತು, ಬೀದಿಗೆ ಬೀದಿಯೇ ಮನೆಯೊಳಗೆ ಬಂತು. ಸೈಕಲ್ ಶಾಪಿನವನು ಒಂದು ಸೈಕಲ್ಲನ್ನೇ ಹೊತ್ತು ತಂದು, ನಡುಮನೆಯಲ್ಲಿ ತಲೆಕೆಳಗಾಗಿ ನಿಲ್ಲಿಸಿ, ಬ್ರೇಕು, ಚೈನು, ಪೆಡಲು ಅಂತ ಪಾಠ ಶುರುಮಾಡಿದ. "ದಿನಾ ಹದಿನೈದು ಮೈಲಿ ಹೊಡೀತೀನಿ ಅನ್ನು." ಟೈಲರಕ್ಕ ಬಾಗಿಲಲ್ಲೇ ನಿಂತು, "ಮಳೆ ಬಂದ್ರೂ ಬಿಡಲ್ಲ ಅಂತ ಸೇರಿಸಪ್ಪಾ," ಅಂದಳು. ಎಲ್ಲರ ಸುಳ್ಳನ್ನೂ ಮೇಷ್ಟ್ರು ಒಳ್ಳೆ ಇಂಗ್ಲಿಷಿಗೆ ತಿರುಗಿಸಿಕೊಟ್ಟರು. ಸ್ಟ್ರೆಚರಣ್ಣನ ಕಣ್ಣು ತುಂಬಿ ಬಂತು.

"ನಿಮ್ಮೆಲ್ಲರ ಋಣ ಹೇಗೆ ತೀರಿಸ್ಲಿ?"

"ಮೊದಲು 'ಥ್ಯಾಂಕ್ಯೂ' ನೆಟ್ಟಗೆ ಹೇಳೋದು ಕಲಿ. ಟ್ಯಾಂಕಲ್ಲ, ಥ್ಯಾಂಕ್!" ಅಂದರು ಮೇಷ್ಟ್ರು.

ಆಸ್ಪತ್ರೆ ಗೇಟಿನಲ್ಲಿ ಕಾವಲುಗಾರ ತನ್ನ ಸೈಕಲ್ಲಿಗೆ ಬೀಗ ಹಾಕುತ್ತಾ ಬೆವರುತ್ತಿದ್ದ. ಪರೀಕ್ಷೆಗೆ ಕೂತ ಇನ್ನೊಬ್ಬ ಅವನೇ.

"ಅಣ್ಣಾ, ಇಂಗ್ಲಿಷಲ್ಲಿ ನಂಗೆ ಬರೋದು 'ನೋ' ಒಂದೇ!"

ಸ್ಟ್ರೆಚರಣ್ಣನ ಕರುಳು ಚುರುಕ್ ಅಂತು. ಬೆಳಗ್ಗೆಯಿಂದ ಎಷ್ಟು ಜನ ತನಗೆ ಹೇಳಿಕೊಟ್ಟಿಲ್ಲ! "ಅದನ್ನೇ ಧೈರ್ಯವಾಗಿ ಹೇಳು ತಮ್ಮಾ. ನಗ್ತಾ 'ನೋ ಮೇಡಂ' ಅನ್ನು, ಕೊನೇಲಿ 'ಥ್ಯಾಂಕ್ಯೂ ಮೇಡಂ' ಸೇರಿಸು." ಕಾವಲುಗಾರ ಅವನ ಎರಡೂ ಕೈ ಹಿಡಿದುಕೊಂಡ.

ಒಳಗೆ ಡಾಕ್ಟರಮ್ಮ ಕೇಳಿದ್ದು ಸೈಕಲ್ಲಿನ ಬಗ್ಗೆಯೇ. ಬರುತ್ತಾ? ಯೆಸ್ ಮೇಡಂ. ಎಷ್ಟು ದೂರ? ಹದಿನೈದು ಮೈಲಿ. ಮಳೆಯಲ್ಲಿ? ಮಳೆಯಲ್ಲೇ ಮಜಾ. ಟ್ರಾಫಿಕ್ಕಿಗೆ ಹೆದರಿಕೆಯಿಲ್ಲವೆ? ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಬಾಯಿಗೆ ಬಂದೇಬಿಟ್ಟಿತು: "ಟ್ರಾಫಿಕ್ ಈಸ್ ಅಫ್ರೇಡ್ ಆಫ್ ಮೀ, ಮೇಡಂ!" ಡಾಕ್ಟರಮ್ಮ ಮೇಜು ಕುಟ್ಟಿ ನಕ್ಕರು. ಮೇಷ್ಟ್ರು ಇಲ್ಲಿರಬೇಕಿತ್ತು ಅನ್ನಿಸಿತು ಅವನಿಗೆ.

ಮಧ್ಯಾಹ್ನ ಇಬ್ಬರನ್ನೂ ಒಟ್ಟಿಗೆ ಕರೆದರು. "ಇಬ್ಬರೂ ಪಾಸು. ಈ ಸಲ ಇರೋದು ಎರಡು ಹುದ್ದೆ," ಅಂದರು ಡಾಕ್ಟರಮ್ಮ. "ಊರಾಚೆಯ ನಮ್ಮ ಹೊಸ ಆಸ್ಪತ್ರೆಗೆ ದಿನಾ ನಾಲ್ಕು ಸಲ ರಿಪೋರ್ಟ್ ಒಯ್ಯಬೇಕು. ಅಲ್ಲಿನ ಡಾಕ್ಟರುಗಳಿಗೆ ಇಂಗ್ಲಿಷ್ ಬಿಟ್ಟು ಬೇರೆ ಬರಲ್ಲ. ಇಂಗ್ಲಿಷೂ ಸೈಕಲ್ಲೂ ಎರಡೂ ಬರೋನು ನೀನೊಬ್ಬನೇ!" ಸ್ಟ್ರೆಚರಣ್ಣನ ಬೆನ್ನು ತಟ್ಟಿ ಕಾವಲುಗಾರನ ಕಡೆ ತಿರುಗಿದರು. "ಪಾಪ, ಇವನಿಗೆ ಸೈಕಲ್ ಬರಲ್ವಂತೆ. ಕೌಂಟರಲ್ಲಿ ಕೂತಿರಲಿ. ಡಾಕ್ಟರ್ ಇದಾರಾ, ಬೆಡ್ ಇದೆಯಾ ಅಂತ ತಾನೆ ಅಲ್ಲಿ ಕೇಳೋದು? ಅದಕ್ಕೆಲ್ಲ ಇವನಷ್ಟು ಮರ್ಯಾದೆಯಾಗಿ 'ನೋ' ಹೇಳೋರು ಸಿಗಲ್ಲ."

ಹೊರಗೆ ಬಂದದ್ದೇ ಕಾವಲುಗಾರ ಅವನ ಕಾಲಿಗೆ ಬಿದ್ದ. "ನನ್ನ ಬಾಳು ಬೆಳಗಿಸಿದ್ರಿ ಅಣ್ಣಾ! ಈ ಸೈಕಲ್ ನೀವೇ ಇಟ್ಕೊಳ್ಳಿ. ನಾನಿನ್ನು ಹತ್ತೋ ಹಾಗಿಲ್ಲ, ಮೇಡಂ ನೋಡಿದ್ರೆ ಕುರ್ಚಿ ಹೋಗುತ್ತೆ."

ಸ್ಟ್ರೆಚರಣ್ಣ ಅದನ್ನು ಸ್ಟ್ರೆಚರಿನ ಹಾಗೇ ತಳ್ಳಿಕೊಂಡು ಮನೆಗೆ ಬಂದ.

"ಕೂತು ಮಾಡೋ ಕೆಲಸ ಬೇಕು ಅಂತಿದ್ರಲ್ಲ," ಅಂದಳು ಹೆಂಡತಿ ನಗು ತಡೆಯುತ್ತಾ. "ಇದೂ ಕೂತೇ ಮಾಡೋದು!"

ಸಂಜೆ ಬೀದಿಗೆ ಬೀದಿಯೇ ಮತ್ತೆ ಸೇರಿತು. ಸೈಕಲ್ ಶಾಪಿನವನು ಹ್ಯಾಂಡಲ್ ಹಿಡಿದ, ಕಾವಲುಗಾರ ಹಿಂದಿನಿಂದ ಕ್ಯಾರಿಯರ್ ಹಿಡಿದು ಓಡಿದ, ಟೈಲರಕ್ಕ ದಾರಿಯ ನಾಯಿಗಳನ್ನೆಲ್ಲ ಓಡಿಸಿದಳು. ನಾಳೆ ಬೆಳಗಾದರೆ ಕೆಲಸ. ಮೂರನೇ ಸಲ ಬಿದ್ದಾಗ ತರಚಿದ್ದು ನೋವಿರುವ ಮಂಡಿಯೇ. ಎಬ್ಬಿಸಲು ಎಂಟು ಕೈ ಒಟ್ಟಿಗೆ ಚಾಚಿದವು. ಆ ಕೈಗಳನ್ನು ಕಂಡು ಸ್ಟ್ರೆಚರಣ್ಣನಿಗೆ ಅಳುವೂ ನಗುವೂ ಒಟ್ಟಿಗೇ ಬಂತು.

"ಥ್ಯಾಂಕ್ಯೂ," ಅಂದ.

"ಭೇಷ್!" ಅಂದರು ಮೇಷ್ಟ್ರು. "ಈಗ ಬಂತು ನೋಡು ಉಚ್ಚಾರ!"