ಒಂದೇ ಚಪ್ಪಾಳೆ ಸಾಕು

ನಾಯಿ ಪಳಗಿಸುವ ವಿದ್ಯೆಯಲ್ಲಿ ಇಡೀ ಉರುಗ್ವೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಆ ಭಾನುವಾರ ಬೆಳಿಗ್ಗೆ ಘೋಷಿಸಿದೆ. ಹೆಂಡತಿ ನೆಲಿದಾ ತಲೆ ಎತ್ತಲೂ ಇಲ್ಲ. ನಮ್ಮ ಮೀಸೆಯ ನಾಯಿ ಬಿಗೋತೆ ಹಿಂದಿನ ವಾರ ಪಕ್ಕದ ಮನೆಯವರು ಸುಡುತ್ತಿದ್ದ ಮಾಂಸವನ್ನು ಕೆಂಡದ ಮೇಲಿಂದಲೇ ಎಳೆದು ತಂದಿದ್ದ. ಅಂದಿನಿಂದ ಅವಳದು ಒಂದೇ ರಾಗ, ಇವನನ್ನು ತನ್ನ ಅಣ್ಣನ ಕುರಿದೊಡ್ಡಿಗೆ ಕಳಿಸಿಬಿಡೋಣ ಅಂತ.

"ಇವತ್ತು ಬೀಚಲ್ಲಿ ನಿನ್ನ ಮಾತು ಕೇಳಿದ್ರೆ ಮನೇಲಿರ್ತಾನೆ. ಇಲ್ಲಾಂದ್ರೆ ಹೋಗಿ ಕುರಿ ಕಾಯ್ಲಿ," ಎಂದಳು.

ನನಗೆಂಥ ಭಯ! ಒಂದು ಚಪ್ಪಾಳೆಗೆ ಓಡಿಬಂದು ಎದುರಿಗೆ ಕೂರಬೇಕು, ಕೂತರೆ ಕರಿದ ಮಾಂಸದ ತುಂಡು. ಇಡೀ ಚಳಿಗಾಲ ಅವನಿಂದ ಈ ತಪಸ್ಸು ಮಾಡಿಸಿದ್ದೆ.

ನಾಯಿಗಳನ್ನು ಬಿಡುವ ಕಡಲತೀರ ಊರಾಚೆಯದು. ಅಂಗಡಿಯಿಲ್ಲ, ಕಟ್ಟಡವಿಲ್ಲ, ಬರೀ ಮರಳದಿಬ್ಬ, ಗಾಳಿ ಮತ್ತು ಭಾನುವಾರದ ಜನಸಂದಣಿ. ನೀಲಿ ಕೊಡೆ ನೆಟ್ಟು ನಾಯಿಯ ಹಗ್ಗ ಬಿಚ್ಚಿದೆ. ಬಿಗೋತೆ ನೀರಿಗೆ ಹಾರಿದ. ಚಪ್ಪಾಳೆ ತಟ್ಟಿದೆ. ಬಂದ, ಕೂತ! ನೆಲಿದಾ ಮಾಟೆ ಕಷಾಯ ಹೀರುವುದನ್ನೇ ನಿಲ್ಲಿಸಿ ನೋಡಿದಳು.

ಅಷ್ಟರಲ್ಲಿ ಎತ್ತರದ ಮನುಷ್ಯನೊಬ್ಬ ಅಳುವ ಹುಡುಗಿಯನ್ನು ಹೆಗಲ ಮೇಲೆ ಹೊತ್ತು ಬಂದ. ಕಡಲತೀರದಲ್ಲಿ ಮಗು ತಪ್ಪಿಸಿಕೊಂಡರೆ ನಮ್ಮವರು ಹೀಗೆ ಹೊತ್ತು ನಡೆಯುತ್ತಾರೆ. ಹೆತ್ತವರ ಕಿವಿಗೆ ಬೀಳಲೆಂದು ಸುತ್ತಲಿನವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಚಿಕ್ಕವನಿದ್ದಾಗ ನಾನೂ ಹಾಗೆ ಹೆಗಲೇರಿದವನೇ. ಆದರೆ ನಾಯಿಗೆ ಚಪ್ಪಾಳೆ ಕಲಿಸುವಾಗ ಈ ಸಂಗತಿ ನನ್ನ ಘನವಾದ ತಲೆಗೆ ಹೊಳೆಯಲೇ ಇಲ್ಲ!

ಇಡೀ ತೀರ ಚಪ್ಪಾಳೆ ತಟ್ಟಿತು. ಬಿಗೋತೆಗೆ ಸ್ವರ್ಗವೇ ಧರೆಗಿಳಿಯಿತು. ತಟ್ಟಿದ ಒಬ್ಬೊಬ್ಬರ ಮುಂದೆಯೂ ಹೋಗಿ ಮರ್ಯಾದಸ್ಥನಂತೆ ಕೂತ. ಎಂಥ ಸಭ್ಯ ನಾಯಿ ಎಂದು ಒಬ್ಬರು ಸಾಸೇಜು ಕೊಟ್ಟರು, ಇನ್ನೊಬ್ಬರು ಮಾಂಸದ ಕಡುಬು. ಹುಡುಗಿಗೆ ತಾಯಿ ಸಿಕ್ಕಳು, ನನಗೆ ನಾಯಿ ಸಿಗಲಿಲ್ಲ. ಚಪ್ಪಾಳೆ ತಟ್ಟುತ್ತಾ ಹಿಂದೆ ಓಡಿದೆ. ಇನ್ನೊಂದು ಮಗು ಕಳೆದಿದೆ ಎಂದುಕೊಂಡು ಜನ ನನ್ನ ಜೊತೆಗೇ ತಟ್ಟಿದರು. ಬಿಗೋತೆ ಅವರ ಕಡೆಗೆ ಓಡಿದ! ದಿಬ್ಬ ದಾಟುವ ಹೊತ್ತಿಗೆ ಅವನೂ ಮಾಯ, ನನ್ನ ಉಸಿರೂ ಮಾಯ.

ಕಂಕುಳಲ್ಲಿ ಫ್ಲಾಸ್ಕ್ ಇಟ್ಟುಕೊಂಡಿದ್ದ ಅಜ್ಜಿಯೊಬ್ಬಳು ತಡೆದು, ಯಾರ ಮಗು ಕಳೆದದ್ದು ಎಂದು ಕೇಳಿದಳು. ಮಗುವಲ್ಲ, ನಾಯಿ ಎಂದೆ.

"ನಿನ್ನ ಕೊಡೆ ಎಲ್ಲಪ್ಪಾ?"

ತಿರುಗಿ ನೋಡಿದೆ. ಕಣ್ಣು ಹಾಯುವವರೆಗೂ ನೀಲಿ ಕೊಡೆಗಳೇ. "ಅಲ್ಲೇ ಎಲ್ಲೋ..." ಎಂದೆ.

"ಅಯ್ಯೋ ಪಾಪ. ಹೆದರ್ಬೇಡ ಮಗಾ," ಎಂದ ಅಜ್ಜಿ ಜನರತ್ತ ತಿರುಗಿ ಚಪ್ಪಾಳೆ ಶುರುಮಾಡಿದಳು.

ಅದೇ ಎತ್ತರದ ಮನುಷ್ಯ ಮತ್ತೆ ಬಂದ. ನನ್ನ ಹೊಟ್ಟೆಯನ್ನೊಮ್ಮೆ ನೋಡಿ, ಹೆಗಲಿಗೇರಿಸುವ ಯೋಚನೆ ಬಿಟ್ಟು, ಕೈ ಹಿಡಿದು ನಡೆಸಿದ. ಐವತ್ತು ದಾಟಿದ ಬೋಳುತಲೆಯ ಕಂದಮ್ಮನ ಮೆರವಣಿಗೆ ಹೊರಟಿತು! ಆಗ ಅಳುತ್ತಿದ್ದ ಹುಡುಗಿ ಈಗ ಅಮ್ಮನ ತೊಡೆಯಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದಳು.

ಕೊನೆಗೊಂದು ನೀಲಿ ಕೊಡೆಯ ಕೆಳಗೆ ನೆಲಿದಾ ಕಂಡಳು. ಯಾರ ಮಗುವೋ ಏನೋ ಎಂದು ಅವಳೂ ಚಪ್ಪಾಳೆ ತಟ್ಟುತ್ತಿದ್ದಳು. ಅವಳ ಮುಂದೆ ಬಿಗೋತೆ ನೆಟ್ಟಗೆ ಕೂತಿದ್ದ.

"ಇವರು ನಿಮ್ಮವರಾ?" ಎಂದ ಎತ್ತರದವನು.

ನೆಲಿದಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕೊನೆಗೆ ಹೌದೆಂದು ಒಪ್ಪಿಕೊಂಡಳು. ಆಮೇಲೆ ನಾಯಿಯ ತಲೆ ಸವರುತ್ತಾ ತೀರ್ಪು ಕೊಟ್ಟಳು.

"ಇವನು ಮನೇಲೇ ಇರ್ಲಿ, ಚಪ್ಪಾಳೆ ತಟ್ಟಿದ್ರೆ ವಾಪಸ್ ಬರ್ತಾನೆ. ಆ ಹಗ್ಗ ಜೋಪಾನವಾಗಿಡು, ಮುಂದಿನ ಭಾನುವಾರ ನಿನಗೆ ಹಾಕ್ಬೇಕು."